ಐದು ಕಾರು, ಒಂದು ನೀರಿನ ಬಾಟಲಿ

ಆಗಸ್ಟ್ 4, ಸೋಮವಾರ

ತಕ್ವಾರೆಂಬೊ ಪಟ್ಟಣದ ಕಣ್ಣಿನ ಡಾಕ್ಟರಮ್ಮ ಹೇಳಿದ್ದಾರೆ ಅಂತ ಈ ನೋಟ್ ಪುಸ್ತಕ. ಗೆರೆ ಹಾಕಿದ್ದೇ ಆಗಬೇಕಂತೆ. ದಿನಾ ನಾಲ್ಕು ಸಾಲು ಬರೀರಿ, ಒಂದೊಂದೇ ಕಣ್ಣು ಮುಚ್ಚಿಕೊಂಡು ಗೆರೆ ನೋಡಿ, ಗೆರೆ ಡೊಂಕಾಗಿ ಕಂಡ ದಿನ ಫೋನ್ ಮಾಡಿ, ಬೇಗ ಬಂದರೆ ಇಂಜೆಕ್ಷನ್ ಕೊಟ್ಟು ತಡೀಬಹುದು ಅಂದರು. ಏನು ಬರೀಲಿ ಅಂದೆ. ಏನಾದರೂ ಬರೀರಿ, ಯಾರೂ ಓದಲ್ಲ ಅಂದರು.

ನಾನು ಓದಿದ್ದು ಮೂರನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಕುರಿ ಉಣ್ಣೆ ಕತ್ತರಿಸುವ ಕಾಲ ಬಂತು ಅಂದರೆ ಅವ್ವ ಆ ತಂಡಕ್ಕೆ ಅಡುಗೆ ಮಾಡಲು ಹೋಗುತ್ತಿದ್ದಳು, ನನ್ನನ್ನೂ ಎಳೆದುಕೊಂಡು. ಬರೆದರೆ ಕೈ ನೋಯುತ್ತೆ.

ಇವತ್ತು ಗೆರೆ ನೆಟ್ಟಗಿದೆ.

ಗ್ಯಾಸ್ ಆಫ್ ಮಾಡಿದೆನಾ ಅಂತ ಎರಡು ಸಲ ಎದ್ದು ನೋಡಿದೆ. ಕಾರಿನ ಹ್ಯಾಂಡ್ ಬ್ರೇಕ್ ಹಾಕಿದೆ, ಗೇರಿನಲ್ಲಿ ಬಿಟ್ಟೆ, ಹಿಂದಿನ ಟೈರಿಗೆ ಕಲ್ಲು ಕೊಟ್ಟೆ. ನಮ್ಮ ಅಂಗಳ ಇಳಿಜಾರಲ್ಲ. ಆದರೂ.

ಅಕ್ಟೋಬರ್ ಹತ್ತಕ್ಕೆ ನನಗೆ ಎಪ್ಪತ್ತು. ಅವತ್ತೇ ಲೈಸೆನ್ಸೂ ಮುಗಿಯುತ್ತೆ. ಹೊಸದು ಕೊಡುವ ಮುಂಚೆ ಗೋಡೆ ಮೇಲಿನ ಅಕ್ಷರ ಓದಿಸುತ್ತಾರೆ. ಓದಲಾಗದಿದ್ದರೆ ಪಾರಿವಾಳ ಅಂಗಳದಲ್ಲೇ ಕೂತು ತುಕ್ಕು ಹಿಡಿಯುತ್ತೆ. ಪಾರಿವಾಳ ಅಂದರೆ ನನ್ನ ಕಾರು, ಬೂದು ಬಣ್ಣದ್ದು. ನನ್ನ ಐದನೆಯದು. ಅದಿಲ್ಲದೆ ಈ ಊರಿನಲ್ಲಿ ನಾನು ಯಾರು, ನನಗೇ ಗೊತ್ತಿಲ್ಲ.

ಆಗಸ್ಟ್ 6

ಬರೆಯಲು ಏನೂ ತೋಚಲಿಲ್ಲ. ಆಗಸ್ಟ್ ಅಂದರೆ ನಮಗೆ ಚಳಿಗಾಲ, ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಹಿಮ ಬಿದ್ದು ಬಿಳಿ. ಬಿಸಿಲು ತಾಗಲಿ ಅಂತ ಪಾರಿವಾಳದೊಳಗೆ ಕೂತು ಮಾಟೆ ಎಲೆಯ ಚಹಾ ಕುಡಿದೆ. ಸೋರೆ ಬುರುಡೆ ಕೈಯಲ್ಲಿ ಬೆಚ್ಚಗಿತ್ತು, ಗಾಜೆಲ್ಲ ಹಬೆ. ಹೊರಗೆ ಏನೂ ಕಾಣದೆ ಇರುವಾಗ ಕಾರು ನಿಂತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಹೋಗುತ್ತಿದೆ ಅಂತಲೇ ಅನಿಸಿತು. ಮತ್ತೆ ನೋಡಿದರೆ ಅದು ಪಾರಿವಾಳ ಅಲ್ಲ, ಬಿಕ್ಕಳಿಕೆ.

ಬಿಕ್ಕಳಿಕೆ ನನ್ನ ಮೊದಲನೆಯದು. ಕಪ್ಪು, ನನಗಿಂತ ಹಳೆಯದು, ಬಾಗಿಲಿಗೆ ಹಗ್ಗ. ಹೊರಡುವಾಗ ಮೂರು ಸಲ ಬಿಕ್ಕುತ್ತಿತ್ತು. ಕಾಲ್ಚೆಂಡಿನ ಕ್ಲಬ್ಬಿನ ಚೀಟಿ ಎತ್ತಿದಾಗ ನನ್ನ ಗಂಡ ಎಬೆರ್‌ಗೆ ಬಂದ ಬಹುಮಾನ. ಮದುವೆಯಾಗಿ ಎಂಟು ತಿಂಗಳು. ಎಬೆರ್ ಕುದುರೆ ಪಳಗಿಸುವವನು, ಕುದುರೆಯಿಂದ ಬಿದ್ದು ಎಡಗಾಲು ಕುಂಟಾಗಿತ್ತು, ಕ್ಲಚ್ ಒತ್ತಲು ಆಗುತ್ತಿರಲಿಲ್ಲ. ಬಹುಮಾನ ತಂದು ಬಾಗಿಲಲ್ಲಿ ನಿಲ್ಲಿಸಿದವರ ಎದುರೇ ಅಂದ, "ಅರ್ಮಿಂದಾ, ಕಾಲು ನಿನ್ನದು, ಕಾರು ನಮ್ಮದು. ಹತ್ತು."

ಇಪ್ಪತ್ತು ವಯಸ್ಸು ನನಗೆ. ಊರಲ್ಲಿ ಕಾರು ಓಡಿಸುವ ಹೆಂಗಸು ಇಬ್ಬರೇ ಇದ್ದರು, ಡಾಕ್ಟರ ಹೆಂಡತಿ ಮತ್ತು ಹೆಸರು ಹೇಳಬಾರದ ಇನ್ನೊಬ್ಬಳು. ಹೆದರಿಕೆಯಿಂದ ಕೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಇವತ್ತಿಗೂ ಜಾರುತ್ತೆ.

ಗೆರೆ ನೆಟ್ಟಗಿದೆ.

ಆಗಸ್ಟ್ 9, ಶನಿವಾರ

ಮಾನ ಹೋಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪಾರಿವಾಳಕ್ಕೆ ಬೇಗ ಬಾಯಾರುತ್ತೆ, ಹೊರಡುವ ಮುಂಚೆ ರೇಡಿಯೇಟರಿಗೆ ನೀರು ಹಾಕಬೇಕು. ಬೀದಿಯಲ್ಲಿ ನಿಲ್ಲಿಸಿ, ಬಾಟಲಿಯಿಂದ ಅರ್ಧ ಹಾಕಿ, ಉಳಿದದ್ದನ್ನು ಕಾರಿನ ತಲೆ ಮೇಲಿಟ್ಟು ಬಾನೆಟ್ ಮುಚ್ಚಿದೆ. ಅಷ್ಟರಲ್ಲಿ ಗ್ಯಾಸ್ ನೆನಪಾಯಿತು. ಒಳಗೆ ಹೋದೆ. ಆಫ್ ಆಗಿತ್ತು. ಹೋದವಳು ಹಿತ್ತಿಲ ಬಾಗಿಲೂ ನೋಡಿದೆ, ಕಿಟಕಿಯೂ ನೋಡಿದೆ. ಹೊರಗೆ ಬಂದರೆ ಒಬ್ಬ ಗಂಡಸು ಪಾರಿವಾಳದ ಟೈರು ಒದೆಯುತ್ತಾ ನಿಂತಿದ್ದಾನೆ.

"ಎಷ್ಟಕ್ಕೆ ಕೊಡ್ತೀರಮ್ಮಾ?"

ಯಾರೋ ಕುಡಿದವನು ಅಂದುಕೊಂಡು ಅಟ್ಟಿದೆ. ಹಿಂದೆಯೇ ಇನ್ನೊಬ್ಬ ಬೈಕು ನಿಲ್ಲಿಸಿದ. "ಎಂಜಿನ್ ಬಿಚ್ಚಿಸಿದ್ದುಂಟಾ?" ಆಮೇಲೆ ಬೇಕರಿಯವಳು ತನ್ನ ಅಳಿಯನಿಗೆ ಅಂತ ಕೇಳಿದಳು. ಊರಿಗೆಲ್ಲ ನನ್ನ ಕಣ್ಣಿನ ಸುದ್ದಿ ಗೊತ್ತಾಗಿಬಿಟ್ಟಿದೆ, ಡಾಕ್ಟರಮ್ಮನೇ ಹೇಳಿರಬೇಕು ಅಂತೆಲ್ಲ ಯೋಚನೆ.

ಎದುರು ಮನೆಯವನು ಮಿಲ್ಟನ್, ಮಾಟೆಯ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತು ಎಲ್ಲ ನೋಡುತ್ತಿದ್ದ. ಅವನು ಕಂಕುಳಲ್ಲಿ ಫ್ಲಾಸ್ಕು ಇಟ್ಟುಕೊಂಡೇ ಹುಟ್ಟಿದವನು.

"ಏನು ಮಾರಾಯ್ತಿ, ನನಗೊಂದು ಮಾತು ಹೇಳದೆ ಮಾರೋಕೆ ಇಟ್ಟಿದೀಯ?"

"ಯಾರು ಇಟ್ಟಿದ್ದು?"

"ತಲೆ ಮೇಲೆ ಬಾಟಲಿ ಯಾರಿಟ್ರು, ಬಿಷಪ್ಪಾ?"

ಆಗ ನೋಡಿದೆ. ನಮ್ಮ ಕಡೆ ಕಾರಿನ ತಲೆ ಮೇಲೆ ನೀರಿನ ಬಾಟಲಿ ಕೂತರೆ ಅದಕ್ಕೆ ಒಂದೇ ಅರ್ಥ, ಮಾರಾಟಕ್ಕಿದೆ. ಎಳೆ ಮಕ್ಕಳಿಗೂ ಗೊತ್ತು. ಇಪ್ಪತ್ತೊಂದು ವರ್ಷದಿಂದ ನೀರು ಹಾಕುತ್ತಿದ್ದೇನೆ, ಒಂದು ದಿನವೂ ಬಾಟಲಿ ಮರೆತವಳಲ್ಲ.

ತೆಗೆಯಲು ಕೈ ಎತ್ತಿದೆ, ಬೆನ್ನ ಹಿಂದೆ ಒಂದು ಹುಡುಗಿಯ ದನಿ. "ಅಮ್ಮಾ, ಇದು ಕೊಡೋದಾ?" ಮೂವತ್ತರ ಒಳಗಿನವಳು, ಕೊರಳಿಗೆ ಹಳದಿ ಶಾಲು, ಕೈಯಲ್ಲಿ ಸೀಮೆಸುಣ್ಣದ ಪುಡಿ. ಹೆಸರು ಫಿಯೊರೆಲಾ ಅಂತೆ. ಸೌಸೆ ಹೊಳೆ ದಾಟುವಲ್ಲಿರುವ ಶಾಲೆಗೆ ಈ ವರ್ಷ ಟೀಚರಾಗಿ ಬಂದವಳು. ದಿನಾ ರಸ್ತೆ ಬದಿ ನಿಂತು ಕೈ ಒಡ್ಡಿ, ಸಿಕ್ಕ ಲಾರಿ ಸಿಕ್ಕ ಟ್ರ್ಯಾಕ್ಟರ್ ಹತ್ತಿ ಹೋಗುತ್ತಾಳಂತೆ.

ನನ್ನ ಮೂರನೇ ಕ್ಲಾಸು ಅದೇ ಶಾಲೆಯಲ್ಲಿ. ಹೇಳಲಿಲ್ಲ. "ಕೊಡೋದಲ್ಲ" ಅಂದೆ, ಬಾಟಲಿ ಎದೆಗವಚಿಕೊಂಡು ಒಳಗೆ ಬಂದೆ. ಸ್ವಲ್ಪ ಒರಟಾಯಿತು. ಬಾಗಿಲು ಹಾಕಿದ ಮೇಲೆ ಆ ಹುಡುಗಿಗೆ ಬೇಜಾರಾಯಿತೇನೋ ಅಂತ ನನಗೇ ಬೇಜಾರು.

ಆಗಸ್ಟ್ 15

ಮಳೆ. ಮಳೆಗೆ ಎಲ್ಲರ ಮನೆಯಲ್ಲೂ ಕರಿದ ರೊಟ್ಟಿ, ಬೀದಿ ತುಂಬ ಕೊಬ್ಬಿನ ವಾಸನೆ. ನಾನೂ ನಾಲ್ಕು ಕರಿದೆ. ಒಬ್ಬಳಿಗೆ ನಾಲ್ಕು ಯಾಕೆ? ಎಬೆರ್ ಹೋಗಿ ನಾಲ್ಕು ವರ್ಷವಾಯಿತು, ಕೈ ಇನ್ನೂ ಇಬ್ಬರಿಗೇ ಹಿಟ್ಟು ತೆಗೆಯುತ್ತೆ.

ಎರಡನೆಯ ಕಾರು ರೊಟ್ಟಿ ಡಬ್ಬಿ. ಕೆನೆ ಬಣ್ಣದ ವ್ಯಾನು. ಹಿಂದೆ ಬಟ್ಟೆಯ ಥಾನುಗಳು, ಒಳಲಂಗ, ಸಾಕ್ಸು, ಗುಂಡಿ, ದಾರ. ದೊಡ್ಡ ದೊಡ್ಡ ಜಮೀನಿನ ಮನೆಗಳಿಗೆಲ್ಲ ಹೋಗಿ ಅಲ್ಲಿನ ಹೆಂಗಸರಿಗೆ ಮಾರುತ್ತಿದ್ದೆ. ಹದಿನಾರು ವರ್ಷ. ಮಕ್ಕಳಾಗಲಿಲ್ಲ, ಹಿಂದಿನ ಸೀಟು ಹೇಗೂ ಖಾಲಿ, ಅಲ್ಲಿ ಬಟ್ಟೆ ತುಂಬಿದೆವು. ಹಳ್ಳ ಬಂದಾಗ ಥಾನುಗಳು ಒಂದರ ಮೇಲೊಂದು ಉಸಿರು ಬಿಡುತ್ತಿದ್ದವು, ಮಲಗಿದ ಮಕ್ಕಳ ಹಾಗೆ. ಆ ಸದ್ದು ಇವತ್ತು ಮಳೆಯಲ್ಲಿ ಕೇಳಿಸಿತು.

ಪಕ್ಕದ ಸೀಟಿನಲ್ಲಿ ಎಬೆರ್. ಐದೂ ಕಾರಿನಲ್ಲಿ ಅವನದ್ದು ಅದೇ. ಮೊಣಕೈ ಕಿಟಕಿಯ ಹೊರಗೆ, ಮಾಟೆ ಸುರಿದು ನನ್ನ ಬಾಯಿಗೆ ಹಿಡಿಯೋದು, ಮತ್ತೆ ತೋರಿಸೋದು. "ಅಕೋ ನರಿ." "ಅಕೋ ನೋಡು, ಬೇಲಿ ಕಂಬದ ಮೇಲೆ ಗೂಬೆ." ನಾನು ಒಂದೇ ಮಾತು: "ಸುಮ್ನಿರು, ನಾನು ರಸ್ತೆ ನೋಡ್ತಿದೀನಿ." ನಾನು ತಿರುಗಿ ನೋಡಿದ ಕ್ಷಣದಲ್ಲೇ ಹಸುವೊಂದು ಅಡ್ಡ ಬರುತ್ತೆ ಅಂತ ನನಗೆ ಖಾತ್ರಿಯಿತ್ತು. ನಲವತ್ತಾರು ವರ್ಷ ಒಂದು ಹಸುವೂ ಅಡ್ಡ ಬರಲಿಲ್ಲ.

ಎಡಗಣ್ಣಿಗೆ ಗೆರೆಯ ನಡುವೆ ಸ್ವಲ್ಪ ಉಬ್ಬು. ಕಾಗದಕ್ಕೆ ಮಳೆ ಥಂಡಿ ಹಿಡಿದಿರಬೇಕು.

ಆಗಸ್ಟ್ 24, ಭಾನುವಾರ

ನಾಳೆ ನಮ್ಮ ದೇಶದ ಸ್ವಾತಂತ್ರ್ಯದ ದಿನ, ಇವತ್ತು ರಾತ್ರಿ ಊರೆಲ್ಲ ಹಳೆ ಹಾಡಿಗೆ ಕುಣಿಯುತ್ತೆ. ಮಧ್ಯಾಹ್ನದಿಂದಲೇ ಕ್ಲಬ್ಬಿನಲ್ಲಿ ಧ್ವನಿವರ್ಧಕ ಪರೀಕ್ಷೆ. ಅರ್ಧ ಹಾಡು, ನಿಲ್ಲುತ್ತೆ, ಮತ್ತೆ ಅದೇ ಅರ್ಧ. ಪಾರಿವಾಳದೊಳಗೆ ಕೂತು ಕೇಳಿದೆ. ಕಣ್ಣು ಮುಚ್ಚಿದರೆ ನೀಲಿ ಬಂತು.

ನೀಲಿ ಮೂರನೆಯದು. ಎಬೆರ್ ಆ ಬಣ್ಣ ನೋಡಿಯೇ ಆಸೆಪಟ್ಟ. ಅದರಲ್ಲಿ ಒಂದೇ ಸಲ ಸಮುದ್ರಕ್ಕೆ ಹೋದೆವು, ಎರಡು ದಿನದ ದಾರಿ. ತೀರದ ರಸ್ತೆಯಲ್ಲಿ ಎದುರಿಗೆ ಮರದ ದಿಮ್ಮಿಯ ಲಾರಿ, ಪಕ್ಕದಲ್ಲಿ ಎಬೆರ್ ಸೀಟಿನಿಂದ ಎದ್ದೇಬಿಟ್ಟ. "ಅಕೋ, ತಿಮಿಂಗಿಲ. ಅರ್ಮಿಂದಾ, ಬಾಲ ಎತ್ತಿದೆ ನೋಡು." ನಾನು ಲಾರಿಯನ್ನೇ ನೋಡಿದೆ. ನಿಲ್ಲಿಸಿ ಇಳಿಯುವಷ್ಟರಲ್ಲಿ ಬರೀ ನೀರು. ಅಲ್ಲೇ ಮರಳಿನಲ್ಲಿ ಸಂಜೆಯವರೆಗೆ ಕಾದೆವು. ಬರಲಿಲ್ಲ.

ಊರಿಗೆ ಬಂದು ಅವನು ಎಲ್ಲರಿಗೂ ಹೇಳಿದ, "ನಾವು ತಿಮಿಂಗಿಲ ನೋಡಿದ್ವಿ." ನಾವು ಅಂದ. ನಾನು ತಿದ್ದಲಿಲ್ಲ.

ಇನ್ನೊಂದು ಇತ್ತು ಅವನದ್ದು. ಸೌಸೆ ಹೊಳೆಗೆ ಹೋಗುವ ದಾರಿಯಲ್ಲಿ ನೀಲಗಿರಿ ತೋಪು ದಾಟಿದ ಮೇಲೆ ಬಲಕ್ಕೆ ಕೆರೆ. ಅಲ್ಲಿ ಗುಲಾಬಿ ಬಣ್ಣದ ಹಕ್ಕಿಗಳಿವೆ ಅಂತಿದ್ದ. ಕೊಕ್ಕು ಮರದ ಸೌಟಿನ ಹಾಗೆ ಅಂತೆ. ನೂರು ಸಲ ಆ ದಾರಿಯಲ್ಲಿ ಹೋಗಿದ್ದೇನೆ, ನೂರು ಸಲ ತೋರಿಸಿದ್ದಾನೆ. ಅಲ್ಲೇ ಒಂದು ಕೆಟ್ಟ ತಿರುವು, ನನ್ನ ಕಣ್ಣು ತಿರುವಿನ ಮೇಲೆ. ಗುಲಾಬಿ ಹಕ್ಕಿ ಎಲ್ಲಾದರೂ ಇರುತ್ತಾ, ನನ್ನನ್ನು ಆಡಿಸೋಕೆ ಹೇಳುತ್ತಾನೆ ಅಂದುಕೊಂಡಿದ್ದೆ.

ಹಾಡು ಪೂರ್ತಿ ಹಾಕಲೇ ಇಲ್ಲ ಅವರು.

ಆಗಸ್ಟ್ 28

ಮಿಲ್ಟನ್ ಹೋದ ತಿಂಗಳು ಲೈಸೆನ್ಸ್ ಹೊಸದು ಮಾಡಿಸಿದ್ದಾನೆ. ಗೋಡೆ ಮೇಲೆ ಯಾವ ಯಾವ ಅಕ್ಷರ ಇತ್ತು ಅಂತ ಮೆಲ್ಲಗೆ ಕೇಳಿದೆ.

"ಯಾಕೆ?"

"ಸುಮ್ನೆ."

"ಮೇಲೆ ಒಂದು ದೊಡ್ಡ E. ಅದು ಎಲ್ಲ ಕಡೆಯೂ ಅದೇ. ಅದರ ಕೆಳಗೆ F ಮತ್ತೆ P. ಅದರ ಕೆಳಗೆ... ನಮ್ಮತ್ತೆ ಹೆಸರಿನ ಅಕ್ಷರ ಇತ್ತು."

"ನಿಮ್ಮತ್ತೆ ಹೆಸರು ಏನು?"

"ಅದೇ ಮರೆತಿದ್ದೀನಿ ಮಾರಾಯ್ತಿ. ಬದುಕಿದ್ದಾಗ ಎಲ್ಲರೂ ಅತ್ತೆ ಅತ್ತೆ ಅಂತಿದ್ವಿ."

ಎರಡು ದಿನ ಯೋಚಿಸಿ ಹೇಳು ಅಂದೆ. ನಗಲಿಲ್ಲ ಅವನು. ನನ್ನ ಮುಖವನ್ನೇ ನೋಡಿದ. "ಅರ್ಮಿಂದಾ, ಬಾಯಿಪಾಠ ಮಾಡ್ಕೊಂಡು ಪಾಸಾಗಬಹುದು. ರಸ್ತೆ ಬಾಯಿಪಾಠ ಆಗುತ್ತಾ?" ಅಂದ. ಐವತ್ತು ವರ್ಷದಿಂದ ಆಗಿದೆ ಅಂದೆ. ಅವನು ಒಂದು ಮಾಟೆ ಸುರಿದು ಕೊಟ್ಟ, ಸಕ್ಕರೆ ಹಾಕಿ. ಸಕ್ಕರೆ ಹಾಕಿಕೊಡುವವನಲ್ಲ. ಅದು ನನಗೆ ಇಷ್ಟವಾಗಲಿಲ್ಲ.

E, F, P.

ಸೆಪ್ಟೆಂಬರ್ 2

ಕೆಂಪಿಯದ್ದು ಬರೆಯಬಾರದು ಅಂತಿದ್ದೆ. ಮೂರು ದಿನದಿಂದ ಬೇರೇನೂ ನೆನಪಿಗೆ ಬರುತ್ತಿಲ್ಲ.

ನಾಲ್ಕನೆಯದು. ಹನ್ನೊಂದು ದಿನ ಇತ್ತು ನಮ್ಮ ಹತ್ತಿರ. ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. ಮೇಲೆಲ್ಲೋ ಮಳೆಯಾಗಿ ಸೌಸೆ ಹೊಳೆ ಉಬ್ಬಿತ್ತು. ಆಗ ಸೇತುವೆ ಇರಲಿಲ್ಲ, ಕಲ್ಲು ಹಾಸಿನ ಮೇಲೆ ದಾಟಬೇಕು. ಎಬೆರ್ ಅಂದ, ಬೇಡ. ಎಲ್ಲದಕ್ಕೂ ಹೆದರುವ ನಾನು ಅವತ್ತೊಂದು ದಿನ ಹೆದರಲಿಲ್ಲ, ನೀರು ಕಲ್ಲಿನ ಮೇಲೆ ಒಂದು ಗೇಣಷ್ಟೇ ಅಂದೆ. ನಡುವೆ ಎಂಜಿನ್ ನಿಂತಿತು. ಇಬ್ಬರೂ ಕಿಟಕಿಯಿಂದ ಹೊರಬಿದ್ದು ಬೇಲಿ ತಂತಿ ಹಿಡಿದು ದಡಕ್ಕೆ ಬಂದೆವು. ಅವನ ಕುಂಟು ಕಾಲು, ನನ್ನ ಲಂಗ, ಇಬ್ಬರದ್ದೂ ಚಪ್ಪಲಿ ಇಲ್ಲ.

ಕೆಂಪಿ ಮೆಲ್ಲಗೆ ತಿರುಗಿತು. ಯಾರೋ ಕೈ ಹಿಡಿದು ಕುಣಿಸುವ ಹಾಗೆ ಒಂದು ಸುತ್ತು, ಆಮೇಲೆ ಕೆಳಗೆ ಹೋಯಿತು. ದೀಪ ಆರಿರಲಿಲ್ಲ. ಮುಸ್ಸಂಜೆ. ನೀರಿನ ಒಳಗೆ ಎರಡು ದೀಪ ಉರಿಯುತ್ತಾ ಹೊಳೆಯಗುಂಟ ಹೋದವು, ನೀರೆಲ್ಲ ಚಹಾದ ಬಣ್ಣಕ್ಕೆ ಹೊಳೆಯಿತು, ಮೀನುಗಳು ಕೂಡ ಕಂಡವು. ಅಷ್ಟು ಚೆಂದದ್ದನ್ನು ನಾನು ಇನ್ನೊಂದು ನೋಡಿಲ್ಲ. ದಡದಲ್ಲಿ ನಿಂತು ನಡುಗುತ್ತಾ ನೋಡಿದೆವು. ಎಬೆರ್ ಅಂದ, "ಅಕೋ." ಅಷ್ಟೇ. ಅದೊಂದನ್ನು ಮಾತ್ರ ಇಬ್ಬರೂ ಒಟ್ಟಿಗೆ ನೋಡಿದ್ದು.

ಒಂದು ಮಾತು ಬೈಯಲಿಲ್ಲ ಅವನು. ಅಂದಿನಿಂದ ನಾನು ಟೈರಿಗೆ ಕಲ್ಲು ಇಡುವವಳಾದೆ.

ಗೆರೆ ನೋಡಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಹೊಳೆಯವರೆಗೆ ಹೋಗಿ ಬಂದೆ. ಕೆಂಪಿ ಹೋದ ಜಾಗ ನೋಡಬೇಕು ಅನಿಸಿತ್ತು. ಮಂಜು ಇರಲಿಲ್ಲ, ಬಿಸಿಲು ಚೆನ್ನಾಗಿತ್ತು. ರಸ್ತೆ ಪೂರ್ತಿ ಖಾಲಿ, ಒಂದು ನರಪಿಳ್ಳೆ ಇಲ್ಲ. ಟಿಟ್ಟಿಭ ಹಕ್ಕಿಗಳು ಮಾತ್ರ ಬೇಲಿಯಾಚೆ ಕಿರುಚುತ್ತಿದ್ದವು.

ಬೇಲಿ ಕಂಬಗಳು ನಡುವಿಗೆ ಬಳುಕಿದ ಹಾಗೆ ಕಾಣುತ್ತಿದ್ದವು, ನೀರಿನಲ್ಲಿ ನಿಂತ ಹಾಗೆ. ನೋಡಲು ಚೆನ್ನಾಗಿಯೇ ಇತ್ತು. ನಿಧಾನಕ್ಕೆ ಹೋದೆ. ಒಂದು ಕಡೆ ಪಕ್ಕದ ಕನ್ನಡಿಗೆ ಏನೋ ತಟ್ಟಿದ ಸದ್ದು, ಕೊಂಬೆ ಇರಬೇಕು.

ಏನೂ ಆಗಲಿಲ್ಲ. ನೋಡು, ಓಡಿಸಬಲ್ಲೆ.

ಸೆಪ್ಟೆಂಬರ್ 13, ಶನಿವಾರ

ಆ ಟೀಚರಮ್ಮ ಬಂದಿದ್ದಳು. ಫಿಯೊರೆಲಾ. ಕೊಡುವ ಮನಸ್ಸಾದರೆ ಮೊದಲು ತನಗೆ ಹೇಳಿ ಅಂತ ಕೇಳಲು ಬಂದದ್ದು. ಒರಟಾಗಿ ಕಳಿಸಿದ್ದು ಮನಸ್ಸಿನಲ್ಲಿತ್ತು, ಕೂರಿಸಿ ಮಾಟೆ ಕೊಟ್ಟೆ. ಅದೂ ಇದೂ ಮಾತು. ಹೋಗುವಾಗ ನಗುನಗುತ್ತಾ ಅಂದಳು,

"ಸೋಮವಾರ ನೀವು ಸಿಕ್ಕಿದ್ರಿ, ನಿಲ್ಲಿಸ್ಲೇ ಇಲ್ಲ. ನಾನು ಅಷ್ಟು ಕೈ ಬೀಸಿದೆ."

"ಎಲ್ಲಿ?"

"ನೀಲಗಿರಿ ತೋಪಿನ ಹತ್ರ. ಎಷ್ಟು ಹತ್ತಿರ ಬಂದ್ರಿ ಅಂದ್ರೆ ನಿಮ್ಮ ಕನ್ನಡಿ ನನ್ನ ಚೀಲಕ್ಕೆ ಹೊಡೀತು. ಇವರು ತಮಾಷೆ ಮಾಡ್ತಿದಾರಾ, ಸಿಟ್ಟಾ ಅಂತ ಗೊತ್ತಾಗ್ಲಿಲ್ಲ."

"ಅವಸರ ಇತ್ತಮ್ಮ" ಅಂದೆ.

"ಇರ್ಲಿ ಬಿಡಿ. ಪುಸ್ತಕ ಕೆಳಗೆ ಬಿತ್ತು ಅಷ್ಟೇ, ನಾನಲ್ಲ" ಅಂದು ನಕ್ಕಳು. ಆ ಹಳದಿ ಶಾಲು. ಅರ್ಧ ಮೈಲಿಯಿಂದ ಕಾಣುವ ಹಳದಿ.

ಅಲ್ಲಿ ಯಾರೂ ಇರಲಿಲ್ಲ. ನನ್ನ ಮಟ್ಟಿಗೆ ಅಲ್ಲಿ ಯಾರೂ ಇರಲಿಲ್ಲ.

ಸೆಪ್ಟೆಂಬರ್ 14

ಇವತ್ತು ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 17

ಎಬೆರ್‌ನ ಮರದ ಅಳತೆಪಟ್ಟಿ ತಂದು ಈ ಗೆರೆಗಳ ಮೇಲಿಟ್ಟು ಬೆರಳು ಆಡಿಸಿದೆ. ಬೆರಳಿಗೆ ನೆಟ್ಟಗಿದೆ. ಕಣ್ಣಿಗೆ ಹಾವಿನ ಹಾಗೆ. ಹದಿನೈದನೇ ತಾರೀಖಿನಿಂದ, ಅಂದರೆ ಹೋದ ತಿಂಗಳ ಹದಿನೈದರಿಂದ, ನಾನು ಈ ಪುಸ್ತಕಕ್ಕೆ ಸುಳ್ಳು ಹೇಳಿದ್ದೇನೆ. ಯಾರೂ ಓದದ ಪುಸ್ತಕಕ್ಕೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬೈದರು. ನಾಡಿದ್ದೇ ಬನ್ನಿ ಅಂದರು.

ಸೆಪ್ಟೆಂಬರ್ 20

ನಿನ್ನೆ ಬಸ್ಸಿನಲ್ಲಿ ಹೋಗಿಬಂದೆ. ಕಣ್ಣಿಗೆ ಸೂಜಿ ಅಂದರೆ ಸಾಯುವಷ್ಟು ಹೆದರಿದ್ದೆ, ನೋಯಲೇ ಇಲ್ಲ. ಇನ್ನೂ ಎರಡು ಇದೆ. ಇರುವಷ್ಟು ಉಳಿಯಬಹುದು, ಹೋದದ್ದು ಬರುವುದಿಲ್ಲ ಅಂದರು. ನಡುವಿನದ್ದು ಮಸುಕು, ಅಂಚಿನದ್ದು ಇರುತ್ತೆ. ಮುಖ ಕಾಣಲು ಕಷ್ಟ, ಬಾಗಿಲಲ್ಲಿ ಯಾರೋ ಬಂದದ್ದು ಕಾಣುತ್ತೆ. "ಡ್ರೈವಿಂಗು?" ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅದೇ ಉತ್ತರ.

ಬೆಳಿಗ್ಗೆ ಬಾಟಲಿಗೆ ನೀರು ತುಂಬಿ ಪಾರಿವಾಳದ ತಲೆ ಮೇಲಿಟ್ಟೆ. ತೆಗೆದೆ. ಇಟ್ಟೆ. ಮಿಲ್ಟನ್ ಎದುರಿನಿಂದ ಕೂಗಿದ, "ಏನು, ಅದಕ್ಕೆ ಸ್ನಾನ ಮಾಡಿಸ್ತಿದೀಯಾ?" ತೆಗೆದೆ. ಅವನು ಒಳಗೆ ಹೋದ ಮೇಲೆ ಮತ್ತೆ ಇಟ್ಟೆ. ಗಾಳಿಗೆ ಬೀಳಬಾರದು ಅಂತ ಏರಿಯಲ್ ಕಡ್ಡಿಗೆ ತಂತಿ ಸುತ್ತಿ ಗಟ್ಟಿ ಬಿಗಿದೆ. ಯಾರು ಬಂದರೂ ಮಾತು ಕೊಟ್ಟಾಗಿದೆ ಅನ್ನಲು ತಯಾರಾಗಿ ಮೆಟ್ಟಿಲಲ್ಲಿ ಕೂತೆ. ಸಂಜೆ ಹಳದಿ ಕಂಡಿತು. ನೇರ ನೋಡಿದರೆ ಇಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಇದೆ.

ಅವಳಿಗೆ ಎಲ್ಲ ಹೇಳಿದೆ. ಸೋಮವಾರದ್ದೂ. ಅವಳು ನನ್ನ ಪಕ್ಕ ಮೆಟ್ಟಿಲಲ್ಲೇ ಕೂತಳು. ಆಮೇಲೆ, "ಅಮ್ಮಾ, ನನಗೂ ಒಂದು ಹೇಳೋದಿದೆ" ಅಂದಳು. "ನನಗೆ ಓಡಿಸೋಕೆ ಬರಲ್ಲ."

"ಮತ್ತೆ ಕಾರು ಯಾಕೆ ಕೇಳಿದ್ಯೇ?"

"ಕಾರು ಬಂದ್ರೆ ಓಡಿಸೋದೂ ಬರುತ್ತೆ ಅಂದ್ಕೊಂಡೆ."

ಎಬೆರ್ ಇದ್ದಿದ್ದರೆ ಇವಳನ್ನು ಬಹಳ ಮೆಚ್ಚುತ್ತಿದ್ದ.

ಸೆಪ್ಟೆಂಬರ್ 27

ಹಳೆ ರೈಲು ನಿಲ್ದಾಣದ ಹಿಂದಿನ ಬಯಲಿನಲ್ಲಿ ಕಲಿಸುತ್ತಿದ್ದೇನೆ. ಅಲ್ಲಿ ರೈಲೂ ಇಲ್ಲ, ಜನವೂ ಇಲ್ಲ, ಕುರಿಗಳು ಮಾತ್ರ. ಅಲ್ಲಿಯವರೆಗೆ ಕಾರು ತಂದುಕೊಡುವುದು ಮಿಲ್ಟನ್. ಆಮೇಲೆ ಬೇಲಿಗೆ ಒರಗಿ ನಿಂತು ತಮಾಷೆ ನೋಡುವುದೂ ಅವನೇ.

"ಕ್ಲಚ್ ನಿಧಾನ ಬಿಡೇ. ಇನ್ನೂ ನಿಧಾನ. ಈಗ ಗಂಟಲು ಕಟ್ಟಿದ ಹಾಗೆ ಸದ್ದು ಬಂತಲ್ಲ, ಅಲ್ಲಿ ಹಿಡಿ."

"ನೀವು ಕಣ್ಣು ಮುಚ್ಚಿಕೊಂಡಿದೀರಲ್ಲಮ್ಮಾ."

"ಕಣ್ಣಿಗೆ ಇಲ್ಲಿ ಏನು ಕೆಲಸ? ಪಾರಿವಾಳ ಹೇಳ್ತಾ ಇದೆ, ಕೇಳಿಸ್ಕೋ."

ಅವಳ ಕೈ ಬೆವರುತ್ತೆ. ಸ್ಟೇರಿಂಗ್ ಜಾರುತ್ತೆ ಅಂತಾಳೆ. ಹೆದರಬೇಡ, ನಾನಿದ್ದೀನಿ ಅಂದೆ. ಈ ಮಾತು ಬಾಯಿಂದ ಬಂದ ಮೇಲೆ ಯಾರು ಅಂದದ್ದು ಅಂತ ಒಂದು ಕ್ಷಣ ಹುಡುಕಿದೆ.

ಅಲ್ಲಿ ಕೂತಿದ್ದಾಗ ಬಿಕ್ಕಳಿಕೆ, ರೊಟ್ಟಿ ಡಬ್ಬಿ, ನೀಲಿ ಎಲ್ಲ ಕುರಿಗಳ ನಡುವೆ ಮೇಯುತ್ತಾ ನಿಂತ ಹಾಗೆ ಅನಿಸಿತು. ಕೆಂಪಿ ಮಾತ್ರ ಸ್ವಲ್ಪ ದೂರ, ಮೈ ಒದ್ದೆ, ದೀಪ ಹತ್ತಿಸಿಕೊಂಡು.

ಅಕ್ಟೋಬರ್ 4

ಮೂರು ಸಲ ನಿಂತುಹೋಯಿತು, ಒಂದು ಸಲ ಕುರಿಗೆ ದಾರಿ ಬಿಟ್ಟಳು. ಮಿಲ್ಟನ್ ಅಂದ, "ಕುರಿಗೆ ಹಾರ್ನ್ ಹೊಡೀದೆ ಕ್ಷಮೆ ಕೇಳಿದ ಡ್ರೈವರನ್ನ ಇದೇ ಮೊದಲು ನೋಡಿದ್ದು." ಲೈಸೆನ್ಸಿನ ಪರೀಕ್ಷೆ ಮಂಗಳವಾರ. ಅವಳದ್ದು.

ಅಕ್ಟೋಬರ್ 8

ಪಾಸಾಗಿದ್ದಾಳೆ. ಮೊದಲ ಸಾಲಿನಲ್ಲೇ E ಇತ್ತಂತೆ. ಮಿಲ್ಟನ್ ಸುಳ್ಳು ಹೇಳಿರಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಎಪ್ಪತ್ತು.

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ಎರಡೆರಡು ಗೆರೆಗೆ ಒಂದು ಸಾಲು. ಪುಸ್ತಕ ಬೇಗ ಮುಗಿಯುತ್ತೆ. ಮುಗಿಯಲಿ.

ಬೆಳಿಗ್ಗೆ ಏಳಕ್ಕೆ ಫಿಯೊರೆಲಾ ಬಂದಳು. ಅವಳ ಕಾರಿನಲ್ಲಿ ಅವಳ ಶಾಲೆಗೆ ಅವಳು ಮೊದಲ ಸಲ ಹೋಗುವ ದಿನ, ನೀವೂ ಬರಬೇಕು ಅಂದಳು. ನಾನು ಅಭ್ಯಾಸದಂತೆ ಸ್ಟೇರಿಂಗ್ ಇರುವ ಎಡಬಾಗಿಲಿಗೆ ಹೋದೆ. ಅಲ್ಲಿ ಅವಳು. ಸುತ್ತಿಕೊಂಡು ಆ ಕಡೆಗೆ ಬಂದೆ. ಪಾಠದ ದಿನಗಳಲ್ಲಿ ಅದೇ ಸೀಟಿನಲ್ಲಿ ಕೂತಿದ್ದೆ ನಿಜ, ಆದರೆ ಅದು ಬಯಲು, ಅದು ಕೆಲಸ. ಇವತ್ತು ಕೂತಾಗ ಸೀಟು ಒಂದು ಬದಿಗೆ ತಗ್ಗಿದ್ದು ತಿಳಿಯಿತು. ಎಬೆರ್‌ನ ಒಳ್ಳೆ ಕಾಲಿನ ಬದಿ. ಆ ತಗ್ಗಿನಲ್ಲಿ ಕೂತೆ. ಮೊಣಕೈ ತಾನಾಗಿ ಕಿಟಕಿಯ ಹೊರಗೆ ಹೋಯಿತು.

ಬೇಕರಿ ಮುಂದೆ ಒಬ್ಬ ಕೈ ಎತ್ತಿದ. ಪೆಟ್ರೋಲ್ ಬಂಕಿನಲ್ಲಿ ಇಬ್ಬರು. ಊರ ಹೊರಗೆ ಎದುರಿಗೆ ಬಂದ ಹಾಲಿನ ಲಾರಿಯವನು ನಿಧಾನ ಮಾಡಿ ಕೂಗಿದ, "ಎಷ್ಟು ಹೇಳ್ತೀರಿ?" ಆಗ ನೆನಪಾಯಿತು, ಬಾಟಲಿ ಇನ್ನೂ ತಲೆ ಮೇಲೇ ಇದೆ, ತಂತಿ ಬಿಗಿದದ್ದು ಹಾಗೇ.

"ನಿಲ್ಲಿಸಿ ತೆಗೀಲಾ ಅಮ್ಮಾ?"

"ನಿಲ್ಲಿಸಿದ್ರೆ ಮತ್ತೆ ಹೊರಡಿಸೋಕೆ ಅರ್ಧ ಗಂಟೆ ನಿನಗೆ. ಹೋಗು."

"ಕೇಳಿದೋರಿಗೆ ಏನನ್ನೋದು?"

"ಮಾತು ಕೊಟ್ಟಾಗಿದೆ ಅನ್ನು."

ಬೇಲಿ ಕಂಬಗಳು ಬಳುಕುತ್ತಲೇ ಇದ್ದವು. ಈಗ ಅವನ್ನು ನೆಟ್ಟಗೆ ಮಾಡುವ ಕೆಲಸ ನನ್ನದಲ್ಲ. ಗಾಳಿಯಲ್ಲಿ ಹೊಸ ಹುಲ್ಲಿನ ವಾಸನೆ. ಅಂಚಿನಲ್ಲಿ ಏನೇನೋ ಹೋಗುತ್ತಿತ್ತು. ಕಂದು, ಹಸಿರು, ಕುರಿಮರಿಯಂಥ ಬಿಳಿ. ಇಷ್ಟೆಲ್ಲ ಇತ್ತಾ ಈ ದಾರಿಯಲ್ಲಿ? ಹೊರಡುವಾಗ ಗ್ಯಾಸ್ ನೋಡಿದೆನೋ ಇಲ್ಲವೋ, ಈಗ ಬರೆಯುವಾಗ ನೆನಪಿಗೆ ಬರುತ್ತಿಲ್ಲ.

ನೀಲಗಿರಿ ತೋಪು ಬಂತು, ನೆರಳು ಬಿಸಿಲು ನೆರಳು ಬಿಸಿಲು ಮುಖದ ಮೇಲೆ. ತೋಪು ಮುಗಿಯಿತು. ತಿರುವು. ಫಿಯೊರೆಲಾ ಗೇರು ಇಳಿಸಿದಳು, ಸರಿಯಾಗಿಯೇ ಇಳಿಸಿದಳು. ನಾನು ಮುಂದೆ ನೋಡುತ್ತಿದ್ದೆ, ಮುಂದೆ ಬರೀ ಮಸುಕು. ಬಲಗಣ್ಣಿನ ತುದಿಯಲ್ಲಿ ನೀರು ಹೊಳೆಯಿತು. ನೀರಿನ ಮೇಲೆ ಗುಲಾಬಿ. ಒಂದಲ್ಲ, ಬಹಳ. ಒಟ್ಟಿಗೆ ಎದ್ದವು, ಒಗೆದ ಬಟ್ಟೆ ಕೊಡವಿದ ಹಾಗೆ, ನನ್ನ ರೊಟ್ಟಿ ಡಬ್ಬಿಯ ಥಾನುಗಳೆಲ್ಲ ಬಿಚ್ಚಿ ಗಾಳಿಗೆ ಹಾರಿದ ಹಾಗೆ.

ಅವಳ ತೋಳು ಹಿಡಿದೆ.

"ಅಕೋ," ಅಂದೆ. "ಅಕೋ ನೋಡೇ, ಗುಲಾಬಿ."

"ಸುಮ್ನಿರಿ ಅಮ್ಮಾ," ಅಂದಳು. "ನಾನು ರಸ್ತೆ ನೋಡ್ತಿದೀನಿ."